ಹೋದ ಪುಟ್ಟಾ, ಬಂದ ಪುಟ್ಟಾ: ನಮ್ಮ ಕಾಲೇಜು ತಂಡಕ್ಕೆ ಸೋಲಲಿಕ್ಕಾದರೂ ಮ್ಯಾಚು ಕೊಡಿ

ಜೇವರ್ಗಿ ಕಡೆಯ ಕಾಲೇಜು ತಂಡವೊಂದು ಅಂತರ ಕಾಲೇಜು ಕಬಡ್ಡಿಗೆ ಹೋಗಿ ಮೊದಲ ಮ್ಯಾಚಿನಲ್ಲೇ ಸೋತು ಬಂದರೆ ಚಹಾದಂಗಡಿಯಲ್ಲಿ ಕೇಳುವ ಮಾತು ಒಂದೇ: "ಏನಪಾ, ಹೋದ ಪುಟ್ಟಾ ಬಂದ ಪುಟ್ಟಾ?" ರಾತ್ರಿ ವಾಟ್ಸ್‌ಆಪ್ ಗ್ರೂಪಿನಲ್ಲಿ ಪಂಚಾಯಿತಿ ಶುರು. ರೇಡರ್‌ಗೆ ದಮ್ಮಿಲ್ಲ, ಕ್ಯಾಪ್ಟನ್ ಬದಲಿಸಬೇಕು, ಹುಡುಗರಿಗೆ ಮೊಬೈಲ್ ಹುಚ್ಚು, ಮೊದಲಿನವರ ಹಾಂಗ ಈಗಿನವರು ರೊಟ್ಟಿ ಉಣ್ಣಲ್ಲ. ಎರಡು ದಿನ ಕಳೆದರೆ ಗ್ರೂಪಿನಲ್ಲಿ ಮತ್ತೆ ತೊಗರಿ ರೇಟು, ಬಸ್ಸಿನ ಟೈಮು. ತಂಡದ ಮಾತು ಮುಂದಿನ ವರ್ಷಕ್ಕೆ.

ನಮ್ಮ ಪ್ರಶ್ನೆ ಬೇರೆ. ಆ ತಂಡ ಇಡೀ ವರ್ಷದಲ್ಲಿ ಎಷ್ಟು ಮ್ಯಾಚು ಆಡಿತು?

ಉತ್ತರ ಬಹಳ ಸಲ ಒಂದು. ಒಂದೇ ಒಂದು.

ನಾಕೌಟ್ ಪದ್ಧತಿಯ ಲೆಕ್ಕ ನೋಡಿ. ಟೂರ್ನಿಗೆ 16 ಕಾಲೇಜು ಬಂದರೆ ಮೊದಲ ಸುತ್ತಿಗೇ 8 ಕಾಲೇಜು ಮನೆಗೆ. 32 ಬಂದರೆ 16 ಮನೆಗೆ. ಅಂದರೆ ಬಂದವರಲ್ಲಿ ಅರ್ಧ ಜನ ಒಂದು ಮ್ಯಾಚು ಆಡಿ ವರ್ಷ ಮುಗಿಸುತ್ತಾರೆ. ಯಾರು ಆ ಅರ್ಧ? ಹಾಸ್ಟೆಲ್ ಇದ್ದವರಲ್ಲ, ಮ್ಯಾಟ್ ಇದ್ದವರಲ್ಲ, ದಿನಾ ಕೋಚ್ ಮುಂದೆ ಆಡುವವರಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಬಂದು, ನಿದ್ದೆಗಣ್ಣಲ್ಲಿ ಅಂಕಣಕ್ಕೆ ಇಳಿಯುವ ತಾಲೂಕು ಕಾಲೇಜಿನ ಮಕ್ಕಳು.

ಪುರುಷರ ಕಬಡ್ಡಿ ಪಂದ್ಯ 40 ನಿಮಿಷದ್ದು. ಡಿಗ್ರಿ ಮೂರು ವರ್ಷ. ವರ್ಷಕ್ಕೊಂದು ಮ್ಯಾಚು ಅಂದರೆ ಮೂರು ಮ್ಯಾಚು, 120 ನಿಮಿಷ. ಆರು ಸೆಮಿಸ್ಟರ್ ಓದಿ ಹೊರಬರುವ ಹುಡುಗ ತನ್ನ ಕಾಲೇಜಿನ ಪರವಾಗಿ ಆಡಿದ್ದು ಎರಡೇ ತಾಸು! ಒಂದು ಸಿನಿಮಾ ನೋಡಲಿಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೆಣ್ಣುಮಕ್ಕಳ ಪಂದ್ಯ 30 ನಿಮಿಷದ್ದು. ಅವರ ಪಾಲಿಗೆ ಒಂದೂವರೆ ತಾಸು, ಅದೂ ಕಾಲೇಜಿನಲ್ಲಿ ಹುಡುಗಿಯರ ತಂಡ ಅಂತ ಒಂದು ಇದ್ದರೆ.

ಎರಡು ತಾಸು ಆಡಿಸಿ "ಇವರಲ್ಲಿ ಪ್ರತಿಭೆ ಇಲ್ಲ" ಅಂತ ಷರಾ ಬರೆಯುವುದು ಯಾವ ನ್ಯಾಯ? ಒಂದು ಮಳೆ ನೋಡಿ ತೊಗರಿ ಬೆಳೆ ಹೋಯಿತು ಅಂತ ನಮ್ಮ ಯಾವ ರೈತ ಹೊಲ ಬಿಟ್ಟು ಎದ್ದಿದ್ದಾನೆ?

ಬುಲ್ಸ್ 19 ಸೋತರು, ಆದರೂ 22 ಆಡಿದರು

ನಮ್ಮ ಊರುಗಳಲ್ಲಿ ಪ್ರೊ ಕಬಡ್ಡಿ ನೋಡದ ಹುಡುಗರಿಲ್ಲ. ಅಲ್ಲಿಂದಲೇ ಮಾತಾಡೋಣ.

ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಆರನೇ ಸೀಸನ್ ಗೆದ್ದಿತು. ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಅದೇ ಬುಲ್ಸ್ 2024ರ ಹನ್ನೊಂದನೇ ಸೀಸನ್‌ನಲ್ಲಿ ಏನಾಯಿತು? 22 ಪಂದ್ಯ, 2 ಗೆಲುವು, 19 ಸೋಲು, 1 ಸಮ. 12 ತಂಡಗಳಲ್ಲಿ ಕಡೆಯ ಸ್ಥಾನ. ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ರೇಡ್ ಅಂಕ ಗಳಿಸಿದ ಪ್ರದೀಪ್ ನರ್ವಾಲ್ ಅವರೇ ಕ್ಯಾಪ್ಟನ್ ಆಗಿದ್ದರು. ದೊಡ್ಡ ಹೆಸರು ತಂಡವನ್ನು ಉಳಿಸಲಿಲ್ಲ.

ಆಗಲೂ ಅಭಿಮಾನಿಗಳು ಬೈದರು. ಬೈಯಲಿ, ಅದು ಅಭಿಮಾನಿಯ ಹಕ್ಕು. ಆದರೆ ಒಂದು ಸಂಗತಿ ಗಮನಿಸಿ. ಮೊದಲ ಪಂದ್ಯ ಸೋತ ಮೇಲೆ ಬುಲ್ಸ್‌ನವರನ್ನು ಯಾರೂ ಮನೆಗೆ ಕಳಿಸಲಿಲ್ಲ. ಐದು, ಹತ್ತು ಪಂದ್ಯ ಸೋತ ಮೇಲೂ ಕಳಿಸಲಿಲ್ಲ. ಇಪ್ಪತ್ತೆರಡೂ ಆಡಿಸಿದರು. ಮರುವರ್ಷ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಎರಡನ್ನೂ ಚಾಂಪಿಯನ್ ಮಾಡಿದವರು ಅವರು. 2025ರ ಹನ್ನೆರಡನೇ ಸೀಸನ್ ಅನ್ನೂ ಬುಲ್ಸ್ ಸೋಲಿನಿಂದಲೇ ಆರಂಭಿಸಿತು. ಕೊನೆಗೆ ಪ್ಲೇ ಆಫ್ ಮುಟ್ಟಿತು.

ನಮಗೆ ಇನ್ನೂ ಹತ್ತಿರದ ಹೈದರಾಬಾದಿನ ತೆಲುಗು ಟೈಟನ್ಸ್ ಕಥೆ ಇದಕ್ಕಿಂತ ಕೆಟ್ಟದ್ದು. ಎಂಟು, ಒಂಬತ್ತು, ಹತ್ತನೇ ಸೀಸನ್, ಮೂರೂ ಸಲ ಕಡೆಯ ಸ್ಥಾನ. ಮೂರು ಸೀಸನ್ ಸೇರಿ 66 ಪಂದ್ಯದಲ್ಲಿ ಗೆದ್ದದ್ದು 5. ಆ ತಂಡವೂ 2025ರಲ್ಲಿ ಪ್ಲೇ ಆಫ್ ಆಡಿತು, ಅಲ್ಲಿ ಬುಲ್ಸ್‌ಗೇ ಎದುರು ನಿಂತಿತು.

"ಅವರಿಗೆ ರೊಕ್ಕ ಐತಿ, ಹರಾಜಿನಾಗ ಹೊಸ ಆಟಗಾರರನ್ನ ತಂದ್ರು" ಅಂತ ನೀವು ಹೇಳಬಹುದು. ನಿಜ. ಆದರೆ ಯಾರನ್ನು ಬಿಡಬೇಕು, ಯಾರನ್ನು ತರಬೇಕು, ರಕ್ಷಣೆ ಎಡಗಡೆ ಹರಿದಿದೆಯೋ ಬಲಗಡೆ ಹರಿದಿದೆಯೋ ಅಂತ ಅವರಿಗೆ ತಿಳಿದದ್ದು ಹೇಗೆ? ಇಪ್ಪತ್ತೆರಡು ಮ್ಯಾಚು ಆಡಿದ್ದರಿಂದ. ಒಂದು ಮ್ಯಾಚು ಆಡಿದ ತಂಡಕ್ಕೆ ತಾನು ಯಾಕೆ ಸೋತೆ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ.

ಒಂದು ಬಾಸ್ಕೆಟ್‌ಬಾಲ್ ತಂಡದ ಲೆಕ್ಕ

ರೊಕ್ಕದ ಮಾತು ಬಂತಲ್ಲ, ರೊಕ್ಕ ಕೊಟ್ಟು ಆಟಗಾರರನ್ನು ತರದ ಒಂದು ಕಾಲೇಜಿನ ಲೆಕ್ಕವನ್ನೂ ಕೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಟೆಕ್ ಅಂತ ಒಂದು ವಿಜ್ಞಾನದ ವಿದ್ಯಾಸಂಸ್ಥೆ ಇದೆ. ನೊಬೆಲ್ ಪ್ರಶಸ್ತಿ ಪಡೆದವರು ಪಾಠ ಮಾಡುವ ಜಾಗ. ಅಲ್ಲಿ ಸೀಟು ಸಿಗುವುದು ಓದಿನ ಮೇಲೆ. ಆಟ ಚೆನ್ನಾಗಿ ಆಡುತ್ತಾನೆ ಅಂತ ಅವರ ವಿಭಾಗದಲ್ಲಿ ಯಾರಿಗೂ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ. ಅವರ ಬಾಸ್ಕೆಟ್‌ಬಾಲ್ ತಂಡ 1996ರಿಂದ 2007ರವರೆಗೆ ತನ್ನ ವಿಭಾಗದ ಕಾಲೇಜುಗಳ ಎದುರು ಸತತ 207 ಪಂದ್ಯ ಸೋತಿತು. 2007ರ ಜನವರಿಯಲ್ಲಿ ಬಾರ್ಡ್ ಕಾಲೇಜಿನ ಎದುರು 81-52ರಿಂದ ಗೆದ್ದಾಗ ಅದು ದೊಡ್ಡ ಸುದ್ದಿಯಾಯಿತು. ತನ್ನದೇ ಲೀಗಿನಲ್ಲಿ ಒಂದು ಗೆಲುವಿಗೆ ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. 26 ವರ್ಷ, 310 ಸೋಲು ಆದ ಮೇಲೆ 2011ರ ಫೆಬ್ರುವರಿಯಲ್ಲಿ 46-45ರಿಂದ, ಒಂದೇ ಒಂದು ಪಾಯಿಂಟಿನಿಂದ ಗೆದ್ದರು.

ಸೋತದ್ದಕ್ಕೆ ಅವರನ್ನು ಹೊಗಳುತ್ತಿಲ್ಲ. ಲೀಗಿನ ವ್ಯವಸ್ಥೆ ನೋಡಿ ಅನ್ನುತ್ತಿದ್ದೇವೆ. 310 ಪಂದ್ಯ ಸೋಲಬೇಕಾದರೆ ಮೊದಲು 310 ಪಂದ್ಯ ಆಡಬೇಕು. ಪ್ರತಿ ವರ್ಷ ವೇಳಾಪಟ್ಟಿ ಇತ್ತು, ಎದುರಾಳಿ ಇದ್ದರು, ಮೈದಾನ ಇತ್ತು, "ಇವರು ಹೇಗಿದ್ದರೂ ಸೋಲ್ತಾರೆ, ಬಿಡ್ರಿ" ಅಂತ ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ವರ್ಷಕ್ಕೊಂದು ನಾಕೌಟ್ ಆಡುವ ನಮ್ಮ ಕಾಲೇಜು 310 ಸಲ ಸೋಲಬೇಕಾದರೆ 310 ವರ್ಷ ಬೇಕು!

ನಮಗೆ ಹೇಳುವ ನೆವಗಳು

ಮೊದಲನೆಯ ನೆವ: "ದಸರಾ ಕ್ರೀಡಾಕೂಟ ಇದೆ, ಜಾತ್ರೆ ಟೂರ್ನಮೆಂಟ್ ಇದೆ." ಇದೆ. ಅಲ್ಲೂ ಸಾಮಾನ್ಯವಾಗಿ ಅದೇ ನಾಕೌಟ್. ಸೋತವನಿಗೆ ಅಲ್ಲೂ ಮರುದಿನ ಆಟವಿಲ್ಲ.

ಎರಡನೆಯದು: "ಹಾಜರಾತಿ ಕಡಿಮೆ ಆಗುತ್ತದೆ, ಓದು ಕೆಡುತ್ತದೆ." ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಯಾವ ಹಾಜರಾತಿ ತಗೊಳ್ತೀರಿ? 40 ನಿಮಿಷದ ಆಟಕ್ಕೆ ಓದು ಕೆಡುವುದಾದರೆ, ಉಪನ್ಯಾಸಕರಿಲ್ಲದೆ ಖಾಲಿ ಹೋಗುವ ಪೀರಿಯಡ್‌ಗಳಿಂದ ಏನು ಕೆಡುತ್ತದೆ ಅನ್ನುವುದನ್ನೂ ಹೇಳಿ.

ಮೂರನೆಯದು: "ಮ್ಯಾಟ್ ಇಲ್ಲ, ಸ್ಟೇಡಿಯಂ ಇಲ್ಲ." ನಮ್ಮ ಭಾಗದಲ್ಲಿ ಕ್ರೀಡೆ ಅಂದರೆ ಮೊದಲು ಕಟ್ಟಡದ ಮಾತು ಬರುತ್ತದೆ. ಕಟ್ಟಡಕ್ಕೆ ಭೂಮಿಪೂಜೆ ಇರುತ್ತದೆ, ಉದ್ಘಾಟನೆ ಇರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ. ಮ್ಯಾಚಿಗೆ ಕಲ್ಲು ನೆಡಲಿಕ್ಕೆ ಬರುವುದಿಲ್ಲ, ಅದಕ್ಕೇ ಅದರ ಮೇಲೆ ಯಾರಿಗೂ ಆಸಕ್ತಿ ಇಲ್ಲ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳದ್ದು 12 ಮತ್ತು 8. ಅಷ್ಟು ನೆಲ ಯಾವ ಕಾಲೇಜಿನಲ್ಲಿ ಇಲ್ಲ? ಮ್ಯಾಟ್ ಬೇಕು, ಕೇಳೋಣ, ಬಿಡದೆ ಕೇಳೋಣ. ಆದರೆ ಅದು ಬರುವವರೆಗೆ ಮಣ್ಣಿನ ಮೇಲೆ ಮ್ಯಾಚು ನಿಲ್ಲಿಸುವುದು ಯಾಕೆ?

ನಾಲ್ಕನೆಯದು, ಎಲ್ಲಕ್ಕಿಂತ ಕೆಟ್ಟದ್ದು: "ಹಳ್ಳಿ ಮಕ್ಕಳಿಂದ ಅಷ್ಟು ಆಗಲ್ಲ." 2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಮಹಿಳೆಯರು ಮೊದಲ ಖೋ ಖೋ ವಿಶ್ವಕಪ್ ಗೆದ್ದರು. ಆ ತಂಡದಲ್ಲಿದ್ದ ಚೈತ್ರಾ ಮೈಸೂರು ಜಿಲ್ಲೆ ಟಿ. ನರಸೀಪುರ ತಾಲೂಕಿನ ಕುರುಬೂರು ಅನ್ನುವ ಹಳ್ಳಿಯವರು. ಕುರುಬೂರಿನಿಂದ ಆದದ್ದು ಜೇವರ್ಗಿಯಿಂದ ಆಗದು ಅನ್ನುವುದಕ್ಕೆ ಆಧಾರ ಏನು?

"ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ" ಅಂತ ನಮಗೆ ಗಾದೆ ಹೇಳಬೇಡಿ. ಕುಣಿಯಲಿಕ್ಕೆ ನಮ್ಮ ಮಕ್ಕಳನ್ನು ನೆಲಕ್ಕೇ ಬಿಟ್ಟಿಲ್ಲ.

ನಾವು ಕೇಳುವುದು ಇಷ್ಟು

ಜೇವರ್ಗಿ, ಅಫಜಲಪುರ, ಆಳಂದ, ಚಿತ್ತಾಪುರ. ನಾಲ್ಕು ತಾಲೂಕು, ನಾಲ್ಕು ಕಾಲೇಜು ತಂಡ. ಪ್ರತಿ ತಂಡ ಉಳಿದ ಮೂರರ ಎದುರು ಎರಡೆರಡು ಸಲ ಆಡಲಿ, ಒಂದು ನಮ್ಮೂರಲ್ಲಿ, ಒಂದು ಅವರೂರಲ್ಲಿ. ತಂಡಕ್ಕೆ 6 ಪಂದ್ಯ, ಒಟ್ಟು 12. ನವೆಂಬರ್‌ನಲ್ಲಿ ಶುರು ಮಾಡಿದರೆ ಫೆಬ್ರುವರಿ ಒಳಗೆ, ನಮ್ಮ ಬಿಸಿಲು ನೆತ್ತಿ ಸುಡುವ ಮೊದಲೇ ಮುಗಿಯುತ್ತದೆ. ವಿಶ್ವವಿದ್ಯಾಲಯದ ಟೂರ್ನಿ ಅದರ ಪಾಡಿಗೆ ಅದು ಇರಲಿ.

ಈಗ ಲೆಕ್ಕ ಹಾಕಿ. ವರ್ಷಕ್ಕೆ 6 ಲೀಗ್ ಪಂದ್ಯ, ಒಂದು ನಾಕೌಟ್, ಮೂರು ವರ್ಷಕ್ಕೆ 21. ನಿಮಿಷದಲ್ಲಿ 840, ಅಂದರೆ 14 ತಾಸು. ಎರಡು ತಾಸು ಎಲ್ಲಿ, ಹದಿನಾಲ್ಕು ತಾಸು ಎಲ್ಲಿ!

ಖರ್ಚು? ವರ್ಷಕ್ಕೆ ಮೂರೇ ಸಲ ಹೊರಗೆ ಹೋಗಬೇಕು. ಹೆಣ್ಣುಮಕ್ಕಳ ತಂಡಕ್ಕೆ ಬಸ್ ಚಾರ್ಜೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಹೋಗಿ ಬರಬಹುದು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಆಟ ಇದು. ದೂರದ ಊರಿನಲ್ಲಿ ರಾತ್ರಿ ಉಳಿಯಬೇಕು ಅನ್ನುವ ಕಾರಣಕ್ಕೆ ಮಗಳನ್ನು ಕಳಿಸದ ಅಪ್ಪ ಅವ್ವ ಇದಕ್ಕೆ ಹೂಂ ಅನ್ನಬಹುದು. ಹುಡುಗರ ಬಸ್ ಚಾರ್ಜು, ಎರಡು ಹೊತ್ತಿನ ಊಟ ಕ್ರೀಡೆಯ ಲೆಕ್ಕದಿಂದ ಬರಲಿ. ನಿಮ್ಮ ಮಕ್ಕಳ ಪ್ರವೇಶದ ರಸೀದಿ ತೆಗೆದು ನೋಡಿ. ಕ್ರೀಡೆಯ ಹೆಸರಿನಲ್ಲಿ ಒಂದು ಸಾಲು ಇದ್ದರೆ, ಆ ಹಣ ಕಟ್ಟಿದವರು ನೀವೇ. ಆ ಹಣ ಎಷ್ಟು ಮ್ಯಾಚಾಗಿ ವಾಪಸ್ ಬಂತು ಅಂತ ಕೇಳುವ ಹಕ್ಕು ನಿಮ್ಮದು.

ಬಾಯಿಮಾತಿನಲ್ಲಿ ಕೇಳಿ ಉತ್ತರ ಸಿಗದಿದ್ದರೆ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಮೂರು ಪ್ರಶ್ನೆ ಸಾಕು. ಕಳೆದ ವರ್ಷ ಕ್ರೀಡಾ ಶುಲ್ಕ ಎಷ್ಟು ಬಂತು? ಎಷ್ಟು ಖರ್ಚಾಯಿತು, ಯಾವುದಕ್ಕೆ? ಹುಡುಗರ ತಂಡ, ಹುಡುಗಿಯರ ತಂಡ ತಲಾ ಎಷ್ಟು ಪಂದ್ಯ ಆಡಿದವು? ಜಗಳ ಬೇಕಾಗಿಲ್ಲ, ಘೋಷಣೆ ಬೇಕಾಗಿಲ್ಲ. ಕಾಗದದ ಮೇಲೆ "ಒಂದು" ಅಂತ ಬರೆದು ಸಹಿ ಹಾಕುವಾಗ ಯಾರಿಗಾದರೂ ಕೈ ತಡೆದೀತು.

ದೈಹಿಕ ಶಿಕ್ಷಣದ ಗುರುಗಳಿಗೂ ಒಂದು ಮಾತು. ನಿಮ್ಮ ಮೇಲೆ ನಮ್ಮ ಸಿಟ್ಟಿಲ್ಲ. ಒಂದು ಮ್ಯಾಚಿಗೆ ತಂಡ ಕಟ್ಟಬೇಕಾದ ನಿಮ್ಮ ಸಂಕಟ ಗೊತ್ತಿದೆ. ಪಕ್ಕದ ತಾಲೂಕಿನ ನಿಮ್ಮ ಗೆಳೆಯರಿಗೆ ಒಂದು ಫೋನ್ ಹಚ್ಚಿ. "ಈ ಭಾನುವಾರ ನಮ್ಮ ಹುಡುಗರು ಬರ್ತಾರ್ರಿ, ಅಂಕಣ ಹಾಕಿಸ್ರಿ" ಅನ್ನಲಿಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ. ಪ್ರಾಂಶುಪಾಲರ ಒಂದು ಸಹಿ ಸಾಕು.

ಕಡೆಗೆ ಗ್ರೂಪಿನಲ್ಲಿ ಕೂತ ಅಭಿಮಾನಿಗಳಿಗೆ. ಸೋತು ಬಂದ ಹುಡುಗರಿಗೆ "ಹೋದ ಪುಟ್ಟಾ ಬಂದ ಪುಟ್ಟಾ" ಅನ್ನುವುದು ಸುಲಭ. ಆ ಗಾದೆ ಅವರಿಗೆ ಹೊಂದುವುದಿಲ್ಲ. ಅವರನ್ನು ಕಳಿಸಿದವರು ಒಂದೇ ಮ್ಯಾಚಿನ ಟಿಕೆಟ್ ಕೊಟ್ಟು ಕಳಿಸಿದ್ದರು. ಮುಂದಿನ ಸಲ ತಂಡ ಸೋತು ಬಂದಾಗ ಕ್ಯಾಪ್ಟನ್ ಯಾರು ಆಗಬೇಕು ಅಂತ ಚರ್ಚೆ ಮಾಡುವ ಮೊದಲು ಒಂದೇ ಪ್ರಶ್ನೆ ಗ್ರೂಪಿಗೆ ಹಾಕಿ: "ಇವರ ಮುಂದಿನ ಮ್ಯಾಚು ಯಾವಾಗ?" ಉತ್ತರ ಬರುವವರೆಗೆ ದಿನಾ ಹಾಕಿ. ಪ್ರಾಂಶುಪಾಲರಿಗೆ ಕಳಿಸಿ, ಕಾಲೇಜು ಅಭಿವೃದ್ಧಿ ಸಮಿತಿಯವರಿಗೆ ಕಳಿಸಿ, ಮತ ಕೇಳಲಿಕ್ಕೆ ಬಂದವರಿಗೂ ಕೇಳಿ.

ಭೀಮಾ ನದಿಗೆ ಇಳಿಯದೆ ಈಜು ಕಲಿತವರು ನಮ್ಮ ದಂಡೆಯ ಊರುಗಳಲ್ಲಿ ಒಬ್ಬರೂ ಇಲ್ಲ. ಮಕ್ಕಳನ್ನು ನೀರಿಗೆ ಬಿಡಿ. ಮುಳುಗುತ್ತಾರೋ ತೇಲುತ್ತಾರೋ ಆಮೇಲೆ ನೋಡೋಣ.