ಅರ್ಧ ಸೆಕೆಂಡ್ ವಿಳಂಬದಲ್ಲಿ ಬಯಲಾದ ಸಂಚು

ಕಂಪ್ಯೂಟರ್ ನಿಧಾನವಾದರೆ ಬಹುತೇಕರು ಅದನ್ನು ಆರಿಸಿ ಮತ್ತೆ ಚಾಲೂ ಮಾಡುತ್ತಾರೆ. ಒಳಗೆ ಯಾವ ಪ್ರಕ್ರಿಯೆಗಳು ಓಡುತ್ತಿವೆ, ಪ್ರೊಸೆಸರ್‌ನ ಎಷ್ಟು ಪಾಲನ್ನು ಯಾವುದು ಕಬಳಿಸುತ್ತಿದೆ ಎಂದು ಪರಿಶೀಲಿಸುವವರು ವಿರಳ. ಅಂತಹ ವಿರಳರಲ್ಲಿ ಒಬ್ಬರು 2024ರ ಮಾರ್ಚ್‌ನಲ್ಲಿ ಜಗತ್ತಿನ ಅಸಂಖ್ಯ ಸರ್ವರ್‌ಗಳನ್ನು ಭಾರಿ ಗಂಡಾಂತರದಿಂದ ಪಾರು ಮಾಡಿದರು.

ಮೈಕ್ರೋಸಾಫ್ಟ್ ಉದ್ಯೋಗಿ ಆಂಡ್ರೆಸ್ ಫ್ರಾಯ್ಂಡ್ ಭದ್ರತಾ ತಜ್ಞರೇನಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶವನ್ನು ಅಭಿವೃದ್ಧಿಪಡಿಸುವವರಲ್ಲಿ ಒಬ್ಬರು. ಅದರ ವೇಗವನ್ನು ನಿಖರವಾಗಿ ಅಳೆಯಲು ಲಿನಕ್ಸ್ ಕಂಪ್ಯೂಟರ್‌ನಲ್ಲಿನ ಇತರ ಸದ್ದುಗದ್ದಲವನ್ನೆಲ್ಲ ಅಡಗಿಸಲು ಅವರು ಯತ್ನಿಸುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ದೂರದಿಂದ ಲಾಗಿನ್ ಆಗಲು ನೆರವಾಗುವ ಎಸ್‌ಎಸ್‌ಎಚ್‌ಡಿ ಎಂಬ ಪ್ರಕ್ರಿಯೆ. ತಪ್ಪು ಹೆಸರಿನಲ್ಲಿ ಒಳಬರಲು ಯತ್ನಿಸಿದವರನ್ನು ತಕ್ಷಣ ತಿರಸ್ಕರಿಸಬೇಕಾದ ಅದು ಅನಗತ್ಯವಾಗಿ ಪ್ರೊಸೆಸರನ್ನು ದುಡಿಸುತ್ತಿತ್ತು. ಮೊದಲು ಸುಮಾರು 0.3 ಸೆಕೆಂಡ್‌ನಲ್ಲಿ ಮುಗಿಯುತ್ತಿದ್ದ ಲಾಗಿನ್‌ಗೆ ಈಗ 0.8 ಸೆಕೆಂಡ್ ತಗಲುತ್ತಿತ್ತು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಫ್ರಾಯ್ಂಡ್ ಬಿಡಲಿಲ್ಲ. ಪ್ರೊಸೆಸರ್‌ನ ಸಮಯ ವ್ಯಯವಾಗುತ್ತಿದ್ದುದು ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಭಾಗವೊಂದರಲ್ಲಿ. ಆದರೆ ಅಲ್ಲಿನ ಯಾವ ಕಾರ್ಯಕ್ಕೆ ಎಂಬುದಕ್ಕೆ ಹೆಸರೇ ಇರಲಿಲ್ಲ! ಕೆಲವು ವಾರಗಳ ಹಿಂದೆ ಕಂಡಿದ್ದ ವಿಚಿತ್ರ ದೋಷ ಸಂದೇಶವೂ ಅವರಿಗೆ ನೆನಪಾಯಿತು. ಮಾರ್ಚ್ 29ರಂದು ಅವರು ವಿವರಗಳನ್ನು ಬಹಿರಂಗಪಡಿಸಿದರು. ಫೆಬ್ರುವರಿಯಲ್ಲಿ ಬಂದ 5.6.0 ಹಾಗೂ ಮಾರ್ಚ್‌ನ 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಿಡಲಾಗಿತ್ತು. ಗುಪ್ತ ಕೀಲಿ ಉಳ್ಳವರು ಅದರ ಮೂಲಕ ಸರ್ವರ್‌ನಲ್ಲಿ ಮನಬಂದ ಆದೇಶಗಳನ್ನು ನಡೆಸಬಹುದಿತ್ತು. ಅಪಾಯದ ಮಾಪಕದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿಯಲ್ಲಿ ಅಪರಿಚಿತ ಹೆಸರು ಯಾವುದೂ ಇರಲಿಲ್ಲ. ಕಳ್ಳ ಮನೆಯವನದೇ ಅಂಗಿ ತೊಟ್ಟಿದ್ದ. ಕದ್ದುಮುಚ್ಚಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುವ ತಂತ್ರಾಂಶಗಳು ಪ್ರೊಸೆಸರನ್ನು ಶೇ 100ರವರೆಗೂ ಹಿಂಡುವುದರಿಂದ ಬೇಗ ಸಿಕ್ಕಿಬೀಳುತ್ತವೆ. ಈ ಹಿಂಬಾಗಿಲಾದರೋ ಲಾಗಿನ್ ಕ್ಷಣದಲ್ಲಿ ಮಾತ್ರ ಅರ್ಧ ಸೆಕೆಂಡ್ ತಿನ್ನುತ್ತಿತ್ತು. ಬಳಕೆ ಶೇ 90 ದಾಟಿದಾಗ ಗಂಟೆ ಬಾರಿಸುವ ನಿಗಾ ವ್ಯವಸ್ಥೆ ಇದನ್ನು ಹಿಡಿಯುವುದು ಅಸಾಧ್ಯ. ಎಂದಿನ ಲೆಕ್ಕ ಎಷ್ಟು ಎಂದು ಬಲ್ಲವರಿಗಷ್ಟೇ ಇಂದಿನ ವ್ಯತ್ಯಾಸ ಕಾಣುತ್ತದೆ.

ಸಂಚಿನ ಹಿಂದಿನ ತಾಳ್ಮೆ ದಂಗುಬಡಿಸುವಂಥದ್ದು. ಎಕ್ಸ್‌ಜೆಡ್ ಅನ್ನು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಂಡವರು ಲಾಸೆ ಕೊಲಿನ್. 2021ರಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ನೆರವಿಗೆ ಬಂದ. 2022ರಲ್ಲಿ ಇನ್ನು ಕೆಲವು ಹೆಸರುಗಳು, ಕೆಲಸ ನಿಧಾನವಾಗುತ್ತಿದೆ ಎಂದು ಕೊಲಿನ್ ಅವರ ಮೇಲೆ ಒತ್ತಡ ಹೇರಿದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ವೇತನವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಅಲವತ್ತುಕೊಂಡರು. ಕ್ರಮೇಣ ಅಧಿಕಾರ ಟಾನ್ ಕೈಸೇರಿತು. ಇಂತಹ ತಂತ್ರಾಂಶಗಳನ್ನೇ ನೆಚ್ಚಿಕೊಂಡು ಕೋಟಿಗಟ್ಟಲೆ ಸಂಪಾದಿಸುವ ಕಂಪನಿಗಳಿಗೆ ಆ ದಣಿದ ಒಬ್ಬ ವ್ಯಕ್ತಿ ಕಣ್ಣಿಗೆ ಬೀಳದೇ ಹೋದದ್ದು ಕ್ಷಮಾರ್ಹವಲ್ಲ.

ಅದೃಷ್ಟವಶಾತ್ ವಿಷಬೆರೆತ ಆವೃತ್ತಿಗಳು ಡೆಬಿಯನ್‌ನ ಪ್ರಾಯೋಗಿಕ ಶಾಖೆ, ಫೆಡೋರಾ 40ರ ಪೂರ್ವಾವೃತ್ತಿಯಂಥ ಕಡೆಗಳಿಗಷ್ಟೇ ತಲುಪಿದ್ದವು; ಬ್ಯಾಂಕು, ಕಚೇರಿಗಳು ಬಳಸುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ. ಮುನ್ನೆಚ್ಚರಿಕೆಯಾಗಿ ಉಬುಂಟು 24.04ರ ಪರೀಕ್ಷಾರ್ಥ ಬಿಡುಗಡೆ ಒಂದು ವಾರ ಮುಂದಕ್ಕೆ ಹೋಯಿತು. ಹಿಂಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿಯನ್ನು 2024ರ ಮೇ ತಿಂಗಳಿನಲ್ಲಿ ಹೊರತಂದವರು ಅದೇ ಕೊಲಿನ್. ‘ಜಿಯಾ ಟಾನ್’ ಮತ್ತೆ ಕಾಣಿಸಿಕೊಳ್ಳಲಿಲ್ಲ.