ಮೋಡದ ಕೆಳಗೆ ಎಷ್ಟು ಬಿಸಿ?

ಮ್ಯಾನ್ಲಿ ಬೀಚಿಗೆ ಹೊರಡೋ ಮುಂಚೆ ಮಗಳು ಸಮುದ್ರದ ಉಷ್ಣತೆಯ ನಕ್ಷೆ ನೋಡ್ತಿದ್ದಳು. "ಅಪ್ಪ, ಇಲ್ಲಿ ಯಾಕೆ ಬಣ್ಣಾನೇ ಇಲ್ಲ?"

ಅಲ್ಲಿ ಮೋಡ ಇತ್ತು, ಅಷ್ಟೆ. ಮಕ್ಕಳೇ, ಜಪಾನಿನ ಹಿಮಾವರಿ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಿಂದ 10 ನಿಮಿಷಕ್ಕೊಮ್ಮೆ ನಮ್ಮ ಕಡೆ ನೋಡುತ್ತೆ. ಸಮುದ್ರ ಹೊರಸೂಸುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಅಳೆದು ನೀರು ಎಷ್ಟು ಬೆಚ್ಚಗಿದೆ ಅಂತ ಲೆಕ್ಕ ಹಾಕ್ತಾರೆ. ಆದರೆ ಆ ಕಿರಣ ಮೋಡ ದಾಟಲ್ಲ. ಮೋಡ ಇಲ್ಲದಿದ್ದರೂ ಸಿಗೋದು ಕೂದಲೆಳೆಗಿಂತ ತೆಳುವಾದ ಮೇಲ್ಪದರದ ಬಿಸಿ ಮಾತ್ರ. ಕೆನೆ ಮುಟ್ಟಿ ಪಾತ್ರೆಯ ಹಾಲಿನ ಬಿಸಿ ಹೇಳಿದ ಹಾಗೆ! ಅದಕ್ಕೇ ಹಡಗುಗಳ, ಸಮುದ್ರದಲ್ಲಿ ತೇಲಿಬಿಟ್ಟ ಥರ್ಮಾಮೀಟರುಗಳ ಅಂಕಿಗಳ ಜೊತೆ ಹೋಲಿಸಿ ನೋಡ್ತಾರೆ.

ನಮ್ಮಂಥ ಸಾಫ್ಟ್‌ವೇರಿನವರಿಗೆ ಖಾಲಿ ಜಾಗ ಕಂಡರೆ ಆಗಲ್ಲ, ಅಕ್ಕಪಕ್ಕದ ಅಂಕಿ ನೋಡಿ ತುಂಬಿಬಿಡ್ತೀವಿ. ನಕ್ಷೆ ಚೆಂದ ಆಗುತ್ತೆ. ತುಂಬೋದು ತಪ್ಪಲ್ಲ. ಆದರೆ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಅಂತ ನಕ್ಷೆಯಲ್ಲೇ ಬೇರೆಬೇರೆಯಾಗಿ ಕಾಣಬೇಕು ಅನ್ನೋದು ನನ್ನ ವಾದ. ರೌಸ್ ಹಿಲ್‌ನಲ್ಲಿರೋ ನಮಗೆ ಇದು ಭಾನುವಾರದ ಈಜಿನ ವಿಷಯ ಇರಬಹುದು. ನಮ್ಮ ಮಲ್ಪೆ, ಮಂಗಳೂರಿನ ಕಡೆ ಮೀನುಗಾರರಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗದ ಸೂಚನೆ ಕೊಡೋದು ಇಂಥ ಉಷ್ಣತೆಯ ಚಿತ್ರ, ಸಮುದ್ರದ ಬಣ್ಣ ಎರಡನ್ನೂ ನೋಡಿಯೇ. ಅಲ್ಲಿ ಊಹೆ ತಪ್ಪಿದರೆ ಸುಡೋದು ಅವರ ದೋಣಿಯ ಡೀಸೆಲ್.