ನಿಂತು ಮತ್ತೆ ಓಡಿದರೂ ಅದು ಓಟವೇ

ಓಟ ನಮಗೆ ಹೊಸದೇನಲ್ಲ, ಸಹೋದರಿಯರೇ. ಕುಕ್ಕರ್ ಸೀಟಿ ಹೊಡೆದರೆ ಓಡುತ್ತೇವೆ, ಮಕ್ಕಳ ಶಾಲಾ ವ್ಯಾನು ಬಂದರೆ ಓಡುತ್ತೇವೆ. ನಮ್ಮ ಮಾಕಳಿಯಲ್ಲಿ ಬೆಳಗಾದರೆ ಬಸ್ಸು ಹಿಡಿಯಲು ತುಮಕೂರು ರಸ್ತೆಗೆ ಓಡುವ ಹೆಣ್ಣುಮಕ್ಕಳೆಷ್ಟು! ಆದರೆ ಯಾರ ಅವಸರಕ್ಕೂ ಅಲ್ಲದೆ, ತನ್ನ ಆರೋಗ್ಯಕ್ಕಾಗಿ ಅರ್ಧ ಗಂಟೆ ಓಡುವವರು ಎಷ್ಟು ಮಂದಿ?

ಹವ್ಯಾಸಕ್ಕಾಗಿ ದೂರ ಓಡುವವರಲ್ಲಿ ಹಲವರಿಗೆ ಒಂದು ಒಳ್ಳೆಯ ರೂಢಿಯಿದೆ. ವರ್ಷದ ಕೊನೆಗೆ ಅವರು ಮೂರು ಲೆಕ್ಕ ಬರೆದಿಡುತ್ತಾರೆ: ಓದಿದ್ದು, ಓಡಿದ್ದು, ಮುಂದಿನ ಗುರಿ. ನಾವೂ ಹಾಗೆಯೇ ನೋಡೋಣ.

ಮೊದಲು ಓದು. ಅಮೆರಿಕದ ಕ್ಯಾಥರೀನ್ ಸ್ವಿಟ್ಜರ್ 2007ರಲ್ಲಿ ‘ಮ್ಯಾರಥಾನ್ ವುಮನ್’ ಎಂಬ ಪುಸ್ತಕ ಬರೆದರು. 1967ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಅವರು ಓಡುತ್ತಿದ್ದಾಗ ಸಂಘಟಕರಲ್ಲೊಬ್ಬರು ಹಿಂದಿನಿಂದ ಬಂದು ಅವರ ಎದೆಯ ಮೇಲಿದ್ದ 261ನೇ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದರು. ದೂರದ ಓಟ ಹೆಣ್ಣಿಗೆ ಆಗದ ಕೆಲಸ ಎಂಬ ನಂಬಿಕೆ ಅಂದು ಅಲ್ಲಿಯೂ ಇತ್ತು! ಸ್ವಿಟ್ಜರ್ ಬಿಡಲಿಲ್ಲ, 42 ಕಿ.ಮೀ.ಗಿಂತ ತುಸು ಹೆಚ್ಚಿನ ಆ ದೂರವನ್ನು ಮುಗಿಸಿದರು. ಬೋಸ್ಟನ್‌ನಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬರಲು 1984ರವರೆಗೆ ಕಾಯಬೇಕಾಯಿತು.

ಪತ್ರಿಕೆಗಳಲ್ಲಿ ಓದಬೇಕಾದ ಇನ್ನೊಂದು ಬದುಕು ಸಿಫಾನ್ ಹಸನ್ ಅವರದು. ಇಥಿಯೋಪಿಯಾದಲ್ಲಿ ಹುಟ್ಟಿ, 15ನೇ ವಯಸ್ಸಿನಲ್ಲಿ ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸ್ ಸೇರಿದ ಹುಡುಗಿ. 2023ರ ಲಂಡನ್ ಮ್ಯಾರಥಾನ್ ಆಕೆಯ ಮೊದಲ ಮ್ಯಾರಥಾನ್. ಸೊಂಟದ ನೋವಿನಿಂದ ಓಟದ ನಡುವೆ ನಿಂತು, ಸ್ನಾಯು ಸಡಿಲಿಸಿಕೊಂಡರು. ಮುಂದಿನವರು ದೂರ ಹೋದರು. ಮತ್ತೆ ಓಡಿ, ಅವರನ್ನು ಹಿಡಿದು, ಗೆದ್ದೇಬಿಟ್ಟರು! 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಓಟಗಳಲ್ಲಿ ಕಂಚು ಪಡೆದು, ಮ್ಯಾರಥಾನ್‌ನಲ್ಲಿ 2 ಗಂಟೆ 22 ನಿಮಿಷ 55 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಪದಕ ಸ್ವೀಕರಿಸಲು ಬಂದಾಗ ತಲೆಯ ಮೇಲೆ ಹಿಜಾಬ್ ಇತ್ತು.

ಹಝ್ರತ್ ಆಯಿಶಾ(ರ)ರ ಪ್ರಸಂಗವಂತೂ ನಿಮಗೆ ಗೊತ್ತೇ ಇದೆ. ಪ್ರವಾದಿ(ಸ)ರೊಂದಿಗಿನ ಮೊದಲ ಓಟದಲ್ಲಿ ಅವರು ಗೆದ್ದರು. ಕೆಲವು ಕಾಲದ ಬಳಿಕ ಮೈ ತುಂಬಿಕೊಂಡಿದ್ದಾಗ ನಡೆದ ಎರಡನೆಯ ಓಟದಲ್ಲಿ ಸೋತರು. ಮೈ ತೂಕ ಹೆಚ್ಚಿತೆಂದು ಓಡದೆ ಉಳಿಯಲಿಲ್ಲ ಎಂಬುದನ್ನು ಗಮನಿಸಿ.

ಎರಡನೆಯದು ಓಟ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ‘ವರ್ಲ್ಡ್ 10ಕೆ’ 10 ಕಿ.ಮೀ.ನ ಓಟ. ಜಗತ್ತಿನ ದೊಡ್ಡ ಓಟಗಾರರು ಓಡುವ ದಿನವೇ ಸಾವಿರಾರು ಸಾಮಾನ್ಯರೂ ಓಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬಹುಮಾನದ ಆಸೆಯಿಲ್ಲ, ಮುಗಿಸುವುದೇ ಬಹುಮಾನ. ಕಡಿಮೆ ದೂರದ ‘ಮಜ್ಜಾ ರನ್’ ಕೂಡ ಇರುತ್ತದೆ. 2024ರ ನವೆಂಬರ್‌ನಿಂದ ಮೆಟ್ರೋ ನಮ್ಮ ಹತ್ತಿರದ ಮಾದಾವರದವರೆಗೂ ಬಂದಿರುವುದರಿಂದ ಊರೊಳಗೆ ಹೋಗಿಬರುವುದು ಸುಲಭವಾಗಿದೆ. ಆದರೆ ಭಾನುವಾರ ಮೆಟ್ರೋ ಸಾಮಾನ್ಯವಾಗಿ ತಡವಾಗಿ ಶುರುವಾಗುತ್ತದೆ. ಆದ್ದರಿಂದ ಹೋಗುವ ದಾರಿಯನ್ನು ಮುಂಚೆಯೇ ಯೋಚಿಸಿಡಿ.

ಮೂರನೆಯದು ಗುರಿ. ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಕೈಚೆಲ್ಲುವುದು. ಜನವರಿಯಲ್ಲಿ ‘ದಿನವೂ ಒಂದು ಗಂಟೆ’ ಎಂದು ಹೊರಡುತ್ತೇವೆ. ಮಗುವಿಗೆ ಜ್ವರ ಬರುತ್ತದೆ, ಅತ್ತೆಗೆ ಮೊಣಕಾಲು ನೋವು, ನೆಂಟರು ಬಂದಿಳಿಯುತ್ತಾರೆ. ನಾಲ್ಕು ದಿನ ತಪ್ಪಿದೊಡನೆ ‘ಇದು ನಮ್ಮಿಂದಾಗದು’ ಎಂದು ಶೂ ಮೂಲೆಗೆ ಸೇರುತ್ತದೆ. ಮನೆ ನಡೆಸುವವಳ ವರ್ಷದಲ್ಲಿ ತಪ್ಪುವ ದಿನಗಳು ಇದ್ದೇ ಇರುತ್ತವೆ. ಅವುಗಳಿಗೂ ಜಾಗವಿರುವ ಗುರಿಯೇ ಉಳಿಯುವ ಗುರಿ.

ಹಾಗಾಗಿ ದಿನ ಎಣಿಸಬೇಡಿ, ವಾರ ಎಣಿಸಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷಗಳ ಚುರುಕಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆಯಿಂದ ಆರಂಭಿಸಿ. ಒಂದು ನಿಮಿಷ ನಿಧಾನವಾಗಿ ಓಡಿ, ಎರಡು ನಿಮಿಷ ನಡೆಯಿರಿ. ಜೊತೆಯಲ್ಲಿರುವವರೊಂದಿಗೆ ಮಾತನಾಡಲು ಆಗುವಷ್ಟೇ ವೇಗ ಸಾಕು. ದೂರವನ್ನು ವಾರದಿಂದ ವಾರಕ್ಕೆ ತುಸುತುಸುವೇ ಹೆಚ್ಚಿಸಿ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಪಟ್ಟು ಓಡಬೇಡಿ, ತುಸು ಕಡಿಮೆಯಿಂದಲೇ ಮತ್ತೆ ಶುರು ಮಾಡಿ.

‘ವರ್ಲ್ಡ್ 10ಕೆ’ ಈಚೆಗೆ ಏಪ್ರಿಲ್‌ನಲ್ಲಿ ನಡೆಯುತ್ತಿದೆ, ರಮಝಾನ್ ಅದಕ್ಕೆ ತುಸು ಮುಂಚೆ ಬರುತ್ತಿದೆ. ಉಪವಾಸದ ತಿಂಗಳಲ್ಲಿ ಇಫ್ತಾರ್‌ಗೆ ಮುನ್ನ ಇಪ್ಪತ್ತು ನಿಮಿಷ ನಿಧಾನ ನಡಿಗೆ ಸಾಕು. ಓಟ ಈದ್ ಬಳಿಕ ಮುಂದುವರಿಯಲಿ.

ಜಾಗದ ಬಗ್ಗೆಯೂ ಒಂದು ಮಾತು. ಲಾರಿಗಳ ಹೊಗೆ ತುಂಬಿದ ಹೆದ್ದಾರಿಯ ಬದಿ ಬೇಡ. ಶಾಲೆಯ ಮೈದಾನ ಅಥವಾ ಬಡಾವಣೆಯ ಒಳರಸ್ತೆ ಒಳ್ಳೆಯದು. ನೆರೆಮನೆಯವರನ್ನೂ ಕರೆದುಕೊಳ್ಳಿ. ಇಬ್ಬರಿದ್ದರೆ ಧೈರ್ಯವೂ ಇರುತ್ತದೆ, ಸೋಮಾರಿತನಕ್ಕೆ ನೆಪವೂ ಸಿಗುವುದಿಲ್ಲ. ಸಡಿಲ, ಹಗುರ ಬಟ್ಟೆ ಧರಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು, ರಕ್ತಹೀನತೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೊರಡಿ.

ಮನೆಯ ಗಂಡಸರಲ್ಲೂ ಒಂದು ವಿನಂತಿ: ವಾರಕ್ಕೆ ಮೂರು ಬೆಳಿಗ್ಗೆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳಿ. ನಿಮ್ಮ ಮನೆಯಾಕೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ಈ ವರ್ಷದ ಕ್ಯಾಲೆಂಡರಿನಲ್ಲಿ ಓಡಿದ ವಾರಕ್ಕೊಂದು ಗುರುತು ಹಾಕುತ್ತಾ ಹೋಗಿ, ಸಹೋದರಿ. ಐವತ್ತೆರಡರಲ್ಲಿ ಮೂವತ್ತು ಗುರುತು ಬಿದ್ದರೂ ಅದು ಸೋಲಲ್ಲ. ಕಳೆದ ವರ್ಷ ಎಷ್ಟಿತ್ತು, ಹೇಳಿ?